ಬಿಸಿಯಾದ ಇಂಜಿನ್, ನಾಲ್ಕು ಕೋಡ್: ಮೊದಲು ಯಾವುದನ್ನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್ ಇಂಜಿನ್. ಹೋದ ತಿಂಗಳು ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು. ಗಾಡಿ ತುಂಬಾ ಜನ, ಲಗೇಜ್, ಎಸಿ ಬೇರೆ ಆನ್ ಇತ್ತು. ತಿರುವಿನಲ್ಲಿ ನಿಲ್ಲಿಸೋಕೆ ಜಾಗ ಸಿಗಲಿಲ್ಲ, ಸ್ವಲ್ಪ ದೂರ ಹಾಗೇ ಓಡಿಸಿದೆ. ಅಷ್ಟರಲ್ಲಿ ಮುಳ್ಳು ತಾನಾಗಿಯೇ ಕೆಳಗೆ ಇಳಿಯಿತು. ಸರಿಹೋಯಿತು ಅಂದುಕೊಂಡೆ, ಆದರೆ ಬಾನೆಟ್ ಸಂದಿಯಿಂದ ಹಬೆ ಬರೋಕೆ ಶುರುವಾಯಿತು. ಕೊಟ್ಟಿಗೆಹಾರಕ್ಕೆ ಎಳೆಸಿಕೊಂಡು ಹೋಗಿ, ಒಡೆದಿದ್ದ ರೇಡಿಯೇಟರ್ ಮೇಲಿನ ಹೋಸ್ ಬದಲಿಸಿ, ನೀರು ತುಂಬಿಸಿ ಊರು ಸೇರಿದೆ. ಈಗ ಚೆಕ್ ಇಂಜಿನ್ ಲೈಟ್ ಉರಿಯುತ್ತಲೇ ಇದೆ. ಸ್ಕ್ಯಾನ್ ಮಾಡಿಸಿದಾಗ ಪಿ0118, ಪಿ0302, ಪಿ0303, ಪಿ0420 ಅನ್ನೋ ದೋಷದ ಕೋಡ್‌ಗಳು ಬಂದಿವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದೆರಡು ನಿಮಿಷ ಮಿಸ್ಸಿಂಗ್ ಹೊಡೆಯುತ್ತೆ (ಇಂಜಿನ್ ತಡವರಿಸಿ ನಡುಗುತ್ತೆ), ಆಮೇಲೆ ಸರಿಯಾಗುತ್ತೆ. ಗ್ಯಾರೇಜಿನವರು ಕೂಲೆಂಟ್ ಸೆನ್ಸರ್, ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡುವಂಥದ್ದು), ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವಂಥದ್ದು) ಮೂರನ್ನೂ ಹಾಕಬೇಕು ಅಂತಾರೆ. ಹಾಕಿಸಲಾ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಬೇಡ. ಸದ್ಯಕ್ಕೆ ಯಾವುದನ್ನೂ ಹಾಕಿಸಬೇಡಿ. ಯಾರಿಗೂ ಕೋಡ್ ಅಳಿಸೋಕೂ ಬಿಡಬೇಡಿ. ಬರೀ ಕೋಡ್ ನೋಡಿ ಪಾರ್ಟ್ ಬದಲಿಸುತ್ತಾ ಹೋದರೆ ಮೂರು ದುಬಾರಿ ಪಾರ್ಟ್ ಹಾಕಿದ ಮೇಲೂ ಬೆಳಿಗ್ಗೆಯ ಮಿಸ್ಸಿಂಗ್ ಹಾಗೇ ಇರುತ್ತೆ ಅನ್ನೋದು ನನ್ನ ಬಲವಾದ ಅನುಮಾನ.

ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 (ಹೊಗೆ ಮಿತಿಯ ಮಾನದಂಡ) ಕಾರುಗಳಿಗೆ ಒಬಿಡಿ-2, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಕೋಡ್ ಬರೆದಿಡುವ ವ್ಯವಸ್ಥೆ, ಕಡ್ಡಾಯವಾಯಿತು. ನಿಮ್ಮದು 2014ರ ಗಾಡಿ, ಹಾಗಾಗಿ ಡ್ಯಾಶ್‌ಬೋರ್ಡ್ ಕೆಳಗಿನ 16 ಪಿನ್ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದರೆ ಕೋಡ್ ಮಾತ್ರ ಅಲ್ಲ, ಅದಕ್ಕಿಂತ ಬೆಲೆಬಾಳುವ ಇನ್ನೊಂದು ವಿಷಯವೂ ಸಿಗುತ್ತೆ. ಅದು ಫ್ರೀಜ್ ಫ್ರೇಮ್. ಕೋಡ್ ಬಿದ್ದ ಆ ಕ್ಷಣದಲ್ಲಿ ಇಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಕೂಲೆಂಟ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಲೋಡ್ ಎಷ್ಟಿತ್ತು, ಎಲ್ಲವೂ ಅಲ್ಲಿ ದಾಖಲಾಗಿರುತ್ತೆ. ಮಿಸ್‌ಫೈರ್ (ಸಿಲಿಂಡರ್ ಸರಿಯಾಗಿ ಉರಿಯದೆ ಇರೋದು) ಕೋಡ್ ಘಾಟಿಯಲ್ಲಿ ಬಿದ್ದದ್ದಾ, ಇಲ್ಲ ಆಮೇಲೆ ಮನೆ ಮುಂದೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಬಿದ್ದದ್ದಾ ಅನ್ನೋದು ಇದರಿಂದಲೇ ಗೊತ್ತಾಗುತ್ತೆ. ಕ್ಲಿಯರ್ ಬಟನ್ ಒತ್ತಿದರೆ ಇದೆಲ್ಲಾ ಹೋಯಿತು. ಅದಕ್ಕೇ ಮೊದಲು ಸ್ಕ್ಯಾನರ್ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಒಂದೊಂದಾಗಿ ನೋಡೋಣ. ಪಿ0118 ಅಂದರೆ ಕೂಲೆಂಟ್ ಸೆನ್ಸರ್‌ನ ವೋಲ್ಟೇಜ್ ಮಿತಿಗಿಂತ ಜಾಸ್ತಿ ಬರುತ್ತಿದೆ ಅಂತ. ಇಂಜಿನ್ ಬಿಸಿಯಾಗಿದೆ ಅಂತ ಅಲ್ಲ, ಇದನ್ನು ತುಂಬಾ ಜನ ತಪ್ಪಾಗಿ ತಿಳಿಯುತ್ತಾರೆ. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆಯಾಗುತ್ತೆ. ವೈರ್ ಬಿಟ್ಟುಹೋದರೆ ರೆಸಿಸ್ಟೆನ್ಸ್‌ಗೆ ಮಿತಿಯೇ ಇಲ್ಲ, ಆಗ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇಂಜಿನ್ ಮೈನಸ್ 40 ಡಿಗ್ರಿಯಲ್ಲಿದೆ ಅಂದುಕೊಳ್ಳುತ್ತೆ. ಬಹಳ ಇಂಜಿನ್‌ಗಳಲ್ಲಿ ಈ ಸೆನ್ಸರ್ ಇರೋದು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಹೌಸಿಂಗ್ ಹತ್ತಿರ, ಅಂದರೆ ನಿಮ್ಮ ಒಡೆದ ಹೋಸ್ ಸೇರುವ ಜಾಗದ ಪಕ್ಕದಲ್ಲೇ. ಹೋಸ್ ಬದಲಿಸುವಾಗ ಕನೆಕ್ಟರ್ ಅಲುಗಿರಬಹುದು, ಲಾಕ್ ಮುರಿದಿರಬಹುದು, ಬಿಸಿ ಹಬೆ ಹೊಡೆದು ವೈರ್ ಗಟ್ಟಿಯಾಗಿ ತುಂಡಾಗಿರಬಹುದು. ಮೊದಲು ಅದನ್ನು ಬಿಚ್ಚಿ, ಪಿನ್ ಹಸಿರುಗಟ್ಟಿದೆಯಾ ನೋಡಿ, ಒರೆಸಿ ಮತ್ತೆ ಹಾಕಿ. ಸೆನ್ಸರ್ ಬಗ್ಗೆ ಅನುಮಾನ ಇದ್ದರೆ ಮಲ್ಟಿಮೀಟರ್ ಇಡಿ: ಬಹುತೇಕ ಸೆನ್ಸರ್‌ಗಳು 20 ಡಿಗ್ರಿಯಲ್ಲಿ ಸುಮಾರು ಎರಡರಿಂದ ಮೂರು ಕಿಲೋಓಮ್, 80 ಡಿಗ್ರಿಯಲ್ಲಿ ಮುನ್ನೂರು ಓಮ್ ಆಸುಪಾಸು ತೋರಿಸಬೇಕು. ಇನ್ನೂ ಸುಲಭದ ದಾರಿ ಇದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ, ಸ್ಕ್ಯಾನರ್‌ನಲ್ಲಿ ಕೂಲೆಂಟ್ ಟೆಂಪರೇಚರ್ ಮತ್ತು ಒಳಬರುವ ಗಾಳಿಯ ಟೆಂಪರೇಚರ್ ಎರಡನ್ನೂ ನೋಡಿ. ಎರಡೂ ಹತ್ತಿರ ಹತ್ತಿರ ಇರಬೇಕು. ಒಂದು 18 ಅಂತ, ಇನ್ನೊಂದು ಮೈನಸ್ 40 ಅಂತ ತೋರಿಸಿದರೆ ಅನುಮಾನವೇ ಬೇಡ.

ಇಲ್ಲೇ ಇನ್ನೊಂದು ಮಾತು. ಘಾಟಿಯಲ್ಲಿ ಮುಳ್ಳು ತಾನಾಗಿಯೇ ಇಳಿಯಿತು ಅಂದಿರಲ್ಲ, ಅದು ಇಂಜಿನ್ ತಣ್ಣಗಾಗಿ ಅಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತೆ. ಹೋಸ್ ಒಡೆದು ನೀರೆಲ್ಲಾ ಹೊರಗೆ ಹೋದಾಗ ಅದು ಖಾಲಿ ಜಾಗದಲ್ಲಿ, ಹಬೆಯಲ್ಲಿ ನಿಂತುಬಿಡುತ್ತೆ, ಆಗ ಮುಳ್ಳು ಇಳಿಯುತ್ತೆ. ಅದೇ ಹೊತ್ತಿನಲ್ಲಿ ಹೆಡ್ (ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ) ಮಾತ್ರ ಕಾಯುತ್ತಲೇ ಇರುತ್ತೆ. ಕೂಲಿಂಗ್ ಸಿಸ್ಟಂ ಒತ್ತಡದಲ್ಲಿ ಕೆಲಸ ಮಾಡುವಂಥದ್ದು. ರೇಡಿಯೇಟರ್ ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತಲ್ಲ, ಅದು ಆ ಒತ್ತಡದ ಲೆಕ್ಕ. ಅಷ್ಟು ಒತ್ತಡ ಇದ್ದರೆ ಬರೀ ನೀರು ಕೂಡ 120 ಡಿಗ್ರಿ ಹತ್ತಿರ ಹೋಗುವವರೆಗೆ ಕುದಿಯೋದಿಲ್ಲ. ಹೋಸ್ ಒಡೆದ ಕೂಡಲೇ ಒತ್ತಡ ಸೊನ್ನೆ, ಒಳಗೆ ಉಳಿದ ನೀರು ಒಂದೇ ಸಲಕ್ಕೆ ಹಬೆಯಾಗುತ್ತೆ. ಆದ್ದರಿಂದ ಘಾಟಿ ಹತ್ತುವಾಗ ಕೆಂಪಿಗೆ ಹೋದ ಮುಳ್ಳು ಸುಮ್ನೆ ಇಳಿದರೆ ಅದನ್ನು ಒಳ್ಳೆ ಸುದ್ದಿ ಅಂದುಕೊಳ್ಳಬೇಡಿ, ಅಲ್ಲೇ ಆಫ್ ಮಾಡಿ.

ಇನ್ನು ಮುಖ್ಯವಾದದ್ದು, ಪಿ0302 ಮತ್ತು ಪಿ0303. ಎರಡನೇ ಮತ್ತು ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್ ಅಂತ ಅರ್ಥ. ಇಸಿಯುಗೆ ಮಿಸ್‌ಫೈರ್ ಗೊತ್ತಾಗೋದು ಹೇಗೆ? ಕ್ರ್ಯಾಂಕ್ ತಿರುಗುವ ವೇಗದಿಂದ. ಯಾವ ಸಿಲಿಂಡರ್‌ನ ಸರದಿಯಲ್ಲಿ ಕ್ರ್ಯಾಂಕ್ ಚೂರು ನಿಧಾನವಾಯಿತೋ ಆ ಸಿಲಿಂಡರ್ ಹೆಸರಿಗೆ ಕೋಡ್ ಬೀಳುತ್ತೆ. ಯಾಕೆ ನಿಧಾನವಾಯಿತು ಅನ್ನೋದು ಅದಕ್ಕೆ ಗೊತ್ತಿಲ್ಲ. ಕಿಡಿ ಇಲ್ಲದೆ ಇರಬಹುದು, ಪೆಟ್ರೋಲ್ ಬರದೆ ಇರಬಹುದು, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಸೋರಿ ಹೋಗಿರಬಹುದು, ಒಳಗೆ ನೀರು ಇಳಿದಿರಬಹುದು. ಕೋಡ್ ನೋಡಿ ನೇರ ಕಾಯಿಲ್ ಅಂದದ್ದು ಊಹೆ.

ಆದರೆ ಆ ಊಹೆಯನ್ನು ಪೂರ್ತಿ ತಳ್ಳಿಹಾಕೋಕೂ ಆಗಲ್ಲ, ಯಾಕಂದರೆ ನಿಮ್ಮ ಎರಡು ನಂಬರ್‌ಗಳೇ ಹಾಗಿವೆ. ಬಾನೆಟ್ ತೆಗೆದು ನೋಡಿ. ನಾಲ್ಕು ಪ್ಲಗ್‌ಗೆ ನಾಲ್ಕು ಪ್ರತ್ಯೇಕ ಕಾಯಿಲ್ ಇದೆಯಾ, ಇಲ್ಲ ಒಂದು ಕಾಯಿಲ್‌ನಿಂದ ಎರಡು ಪ್ಲಗ್‌ಗೆ ಹೋಗುತ್ತಾ? 1-3-4-2 ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) ಇರುವ ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಜೋಡಿ ಕಾಯಿಲ್ ಇದ್ದರೆ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು ಜೋಡಿ. ಅಂದರೆ ಆ ಒಂದು ಕಾಯಿಲ್ ಬಿಸಿಗೆ ಕೆಟ್ಟರೂ ಬರುವ ಕೋಡ್ ಇದೇ. ಇನ್ನೊಂದು ಕಡೆ ನೋಡಿದರೆ 2 ಮತ್ತು 3 ಅಕ್ಕಪಕ್ಕದ ಸಿಲಿಂಡರ್‌ಗಳು, ಇಂಜಿನ್ ಮಧ್ಯದವು. ಬಿಸಿ ಜಾಸ್ತಿಯಾದಾಗ ಅಲ್ಯೂಮಿನಿಯಂ ಹೆಡ್ ಬಾಗೋದು ಸಾಮಾನ್ಯವಾಗಿ ಮಧ್ಯದಲ್ಲೇ. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ, ಬೋಲ್ಟ್‌ಗಳು ಹಿಡಿದಿರುತ್ತವೆ, ಹಿಗ್ಗಲು ಜಾಗ ಇಲ್ಲದೆ ಹೆಡ್ ಬಾಗುತ್ತೆ. ಆಗ ಎರಡು ಸಿಲಿಂಡರ್ ನಡುವಿನ ಸಣ್ಣ ಪಟ್ಟಿಯಲ್ಲಿ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ) ಬಿಟ್ಟುಕೊಳ್ಳುತ್ತೆ. ಅದಕ್ಕೂ ಬರುವ ಕೋಡ್ ಇದೇ!

ಹಾಗಾದರೆ ಯಾವುದು? ನಿಮ್ಮ ಪತ್ರದಲ್ಲಿ ನನ್ನನ್ನು ಹೆಡ್ ಗ್ಯಾಸ್ಕೆಟ್ ಕಡೆ ಎಳೆಯುವ ಒಂದು ಸಾಲು ಇದೆ: ಬೆಳಿಗ್ಗೆ ಮಾತ್ರ ಮಿಸ್ಸಿಂಗ್, ಒಂದೆರಡು ನಿಮಿಷದಲ್ಲಿ ಸರಿ. ಬಿಸಿಗೆ ಕೆಟ್ಟ ಕಾಯಿಲ್ ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಕೈಕೊಡುತ್ತೆ. ಗ್ಯಾಸ್ಕೆಟ್ ಸೀಳಿದ್ದರೆ ಗಾಡಿ ನಿಲ್ಲಿಸಿದ ಮೇಲೆ ಉಳಿದ ಒತ್ತಡಕ್ಕೆ ಕೂಲೆಂಟ್ ಸ್ವಲ್ಪ ಸ್ವಲ್ಪವೇ ಸಿಲಿಂಡರ್ ಒಳಗೆ ಇಳಿಯುತ್ತೆ, ಬೆಳಿಗ್ಗೆ ಆ ನೀರು ಉರಿದು ಹಬೆಯಾಗಿ ಹೋಗುವವರೆಗೆ ಇಂಜಿನ್ ನಡುಗುತ್ತೆ. ರಿಸರ್ವ್ ಡಬ್ಬದಲ್ಲಿ ನೀರು ಕಡಿಮೆಯಾಗುತ್ತಿದೆಯಾ, ಎಲ್ಲೂ ಸೋರಿದ ಗುರುತು ಇಲ್ಲದೆ? ಬೆಳಿಗ್ಗೆ ಸೈಲೆನ್ಸರ್‌ನಿಂದ ಬಿಳಿ ಹೊಗೆ, ಜೊತೆಗೆ ಸಿಹಿ ವಾಸನೆ ಬರುತ್ತಾ? ಆಯಿಲ್ ಕ್ಯಾಪ್ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಅಂಟು ಕೂತಿದೆಯಾ? ಕೊನೆಯದು ಒಂದನ್ನೇ ನಂಬಬೇಡಿ. ಮಲೆನಾಡಿನ ಥಂಡಿಯಲ್ಲಿ ಬರೀ ಹತ್ತಿರದ ಓಡಾಟ ಮಾಡುವ ಗಾಡಿಗೂ ಕ್ಯಾಪ್ ಒಳಗೆ ತೇವ ಕಟ್ಟಿ ಹಾಗಾಗುತ್ತೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣ ಕಂಡರೆ ಮಾತ್ರ ಗಂಭೀರ, ಆಗ ಸ್ಟಾರ್ಟ್ ಮಾಡಲೇಬೇಡಿ.

ಗ್ಯಾರೇಜಿನಲ್ಲಿ ಮಾಡಿಸಬೇಕಾದ ಪರೀಕ್ಷೆಗಳು ಇವು, ಇದೇ ಕ್ರಮದಲ್ಲಿ. ಮೊದಲು ಕಾಯಿಲ್ ಅನುಮಾನ ತೀರಿಸಿ, ಅದಕ್ಕೆ ಖರ್ಚೇ ಇಲ್ಲ: ಪ್ರತ್ಯೇಕ ಕಾಯಿಲ್ ಇದ್ದರೆ 2ರದ್ದನ್ನು 1ಕ್ಕೆ, 3ರದ್ದನ್ನು 4ಕ್ಕೆ ಅದಲು ಬದಲು ಮಾಡಿ ಓಡಿಸಿ. ಕೋಡ್ ಪಿ0301, ಪಿ0304 ಆಗಿ ಬದಲಾದರೆ ಕಾಯಿಲ್ ದೋಷ. 2, 3ರಲ್ಲೇ ಉಳಿದರೆ ಕಾಯಿಲ್ ನಿರ್ದೋಷಿ. ಹಾಗೆ ಮಾಡುವಾಗಲೇ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡಿ. ಕೂಲೆಂಟ್ ಇಳಿಯುವ ಸಿಲಿಂಡರ್‌ನ ಪ್ಲಗ್ ಹಬೆಯಲ್ಲಿ ತೊಳೆದ ಹಾಗೆ ಬೆಳ್ಳಗೆ, ಹೊಸದರಂತೆ ಇರುತ್ತೆ. ಉಳಿದವು ಮಾಮೂಲಿ ಕಂದು ಬಣ್ಣ. ಆಮೇಲೆ ಪ್ರೆಷರ್ ಟೆಸ್ಟ್. ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಬಾಯಿಗೆ ಕೈಪಂಪ್ ಕೂರಿಸಿ ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಬಿಡಬೇಕು, ಅದಕ್ಕಿಂತ ಜಾಸ್ತಿ ಬೇಡ. ಗೇಜ್ ಇಳಿಯುತ್ತಿದೆ, ಹೊರಗೆ ಎಲ್ಲೂ ಹನಿ ಇಲ್ಲ ಅಂದರೆ ನೀರು ಒಳಗೇ ಹೋಗುತ್ತಿದೆ. ಆಗ ಪ್ಲಗ್‌ಗಳನ್ನು ತೆಗೆದಿಟ್ಟು ಸ್ಟಾರ್ಟರ್ ಹೊಡೆದರೆ 2 ಅಥವಾ 3ರ ತೂತಿನಿಂದ ನೀರು ಚಿಮ್ಮುತ್ತೆ. ಮುಖ ದೂರ ಇಟ್ಟುಕೊಳ್ಳಿ. ಪ್ಲಗ್ ಹಾಕಿಕೊಂಡೇ ಸ್ಟಾರ್ಟರ್ ಹೊಡೆಯಬಾರದು, ಸಿಲಿಂಡರ್ ತುಂಬಾ ನೀರಿದ್ದರೆ ಅದು ಕುಗ್ಗೋದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ.

ಇದರ ಮೇಲೆ ಕಂಪ್ರೆಷನ್ ಟೆಸ್ಟ್. ಎಲ್ಲಾ ಪ್ಲಗ್ ತೆಗೆದು, ಪೆಟ್ರೋಲ್ ಮತ್ತು ಇಗ್ನಿಷನ್ ಬಂದ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಅಳೆಯಬೇಕು. ನಾಲ್ಕರ ನಡುವೆ ಶೇಕಡಾ 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. 1 ಮತ್ತು 4 ಚೆನ್ನಾಗಿದ್ದು, 2 ಮತ್ತು 3 ಎರಡೂ ಒಂದೇ ತರ ಕುಸಿದಿದ್ದರೆ ನಡುವಿನ ಗ್ಯಾಸ್ಕೆಟ್ ಹೋಗಿದೆ. ಆದರೆ ನೆನಪಿಡಿ, ನೀರಿನ ದಾರಿಗೆ ಮಾತ್ರ ಸಣ್ಣ ಸೀಳು ಇದ್ದರೆ ಕಂಪ್ರೆಷನ್ ಚೆನ್ನಾಗೇ ಬರಬಹುದು, ಅದಕ್ಕೇ ಪ್ರೆಷರ್ ಟೆಸ್ಟ್ ಬಿಡಬೇಡಿ. ಕೆಲವು ಗ್ಯಾರೇಜಿನಲ್ಲಿ ನೀಲಿ ದ್ರವದ ಟೆಸ್ಟ್ ಕಿಟ್ ಇರುತ್ತೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರೊಳಗೆ ಹಾಯಿಸಿದಾಗ ಬಣ್ಣ ಹಳದಿಗೆ ತಿರುಗಿದರೆ ಸಿಲಿಂಡರ್‌ನ ಸುಟ್ಟ ಗಾಳಿ ನೀರಿಗೆ ಸೇರುತ್ತಿದೆ ಅಂತ ಅರ್ಥ.

ಗ್ಯಾಸ್ಕೆಟ್ ಅಂತಲೇ ಖಾತ್ರಿಯಾದರೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚೋಕೆ ಬಿಡಬೇಡಿ. ಹೆಡ್ ಇಳಿಸಿದ ಮೇಲೆ ಅದರ ಮೇಲೆ ನೇರವಾದ ಸ್ಟೀಲ್ ಪಟ್ಟಿ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಎರಡೂ ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಲಿ, ನೀವೂ ಪಕ್ಕದಲ್ಲಿ ನಿಂತು ನೋಡಿ. ಬಹಳ ಸಣ್ಣ ಪೆಟ್ರೋಲ್ ಇಂಜಿನ್‌ಗಳಲ್ಲಿ 0.05 ಮಿಲಿಮೀಟರ್‌ಗಿಂತ ಜಾಸ್ತಿ ಬಾಗಿದ್ದರೆ ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಬೇಕು, ಅಂದರೆ ಮೇಲ್ಮೈ ಸಮ ಮಾಡಿಸಬೇಕು. ನಿಮ್ಮ ಇಂಜಿನ್‌ನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ. ಹೆಡ್ ಸೀಳಿದೆಯಾ ಅಂತ ಅಲ್ಲೇ ಪರೀಕ್ಷೆ ಮಾಡಿಸಿ. ಹೆಡ್ ಬೋಲ್ಟ್ ಎಷ್ಟೋ ಇಂಜಿನ್‌ಗಳಲ್ಲಿ ಒಮ್ಮೆ ಬಿಗಿದರೆ ಎಳೆದುಕೊಳ್ಳುವಂಥವು, ಅಂಥವನ್ನು ಹೊಸದು ಹಾಕಲೇಬೇಕು. ರೇಡಿಯೇಟರ್‌ಗೆ ಸುರಿದರೆ ಗ್ಯಾಸ್ಕೆಟ್ ಮುಚ್ಚುತ್ತೆ ಅಂತ ಮಾರುವ ದ್ರವ ಬೇಡವೇ ಬೇಡ. ಅದು ಸೀಳು ಮುಚ್ಚುವ ಮೊದಲು ಹೀಟರ್ ಕೋರ್, ರೇಡಿಯೇಟರ್‌ನ ಸಣ್ಣ ನಾಳಗಳನ್ನು ಮುಚ್ಚಬಹುದು.

ಪಿ0420, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅನ್ನೋದು, ಕೊನೆಗೆ ನೋಡುವ ಕೋಡ್. ಮಿಸ್‌ಫೈರ್ ಆದಾಗ ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತೆ, ಕೂಲೆಂಟ್ ಹಬೆಯೂ ಅಲ್ಲೇ ಹೋಗುತ್ತೆ, ಆಕ್ಸಿಜನ್ ಸೆನ್ಸರ್ ಮೇಲೂ ಪದರ ಕಟ್ಟುತ್ತೆ. ಇವತ್ತು ಹೊಸ ಕನ್ವರ್ಟರ್ ಹಾಕಿಸಿದರೆ ಅದನ್ನೂ ಅದೇ ಹಾಳು ಮಾಡುತ್ತೆ, ಎಷ್ಟು ದುಬಾರಿ ಸಾಮಾನು ಅದು! ಮಿಸ್‌ಫೈರ್ ನಿಂತ ಮೇಲೆ ಕೋಡ್ ಅಳಿಸಿ, ಕೆಲವು ದಿನ ಹೆದ್ದಾರಿಯಲ್ಲೂ ಊರೊಳಗೂ ಓಡಿಸಿ. ಎಷ್ಟೋ ಸಲ ಮತ್ತೆ ಬರೋದೇ ಇಲ್ಲ. ಓಡಿಸುವಾಗ ಚೆಕ್ ಇಂಜಿನ್ ಲೈಟ್ ಸುಮ್ಮನೆ ಉರಿಯದೆ ಮಿಟುಕಲು ಶುರುವಾದರೆ ಮಾತ್ರ ನಿಲ್ಲಿಸಿ, ಕನ್ವರ್ಟರ್ ಸುಡುವಷ್ಟು ಮಿಸ್‌ಫೈರ್ ಆಗುತ್ತಿದೆ ಅಂತ ಅದರ ಅರ್ಥ.

ಇನ್ನು, ಈ ನಾಲ್ಕು ಕೋಡ್‌ನಲ್ಲಿ ಯಾವುದೂ ಗಾಡಿ ಯಾಕೆ ಬಿಸಿಯಾಯಿತು ಅನ್ನೋದನ್ನು ಹೇಳುತ್ತಿಲ್ಲ ಅನ್ನೋದನ್ನು ಗಮನಿಸಿದಿರಾ? ಅತಿ ಬಿಸಿಗೆ ಪಿ0217 ಅಂತ ಕೋಡ್ ಇದೆ, ಆದರೆ ಎಲ್ಲಾ ಗಾಡಿಗಳೂ ಅದನ್ನು ದಾಖಲಿಸೋದಿಲ್ಲ. ಒಡೆದ ಹೋಸ್‌ಗೆ, ಸಡಿಲ ಕ್ಯಾಪ್‌ಗೆ ಕೋಡೇ ಇಲ್ಲ. ನಿಮ್ಮ ಹೋಸ್ ಹಳತಾಗಿ ತಾನೇ ಒಡೆಯಿತಾ, ಇಲ್ಲ ಬೇರೆ ಕಾರಣಕ್ಕೆ ಬಿಸಿಯಾಗಿ ಒತ್ತಡ ತಡೆಯದೆ ಒಡೆಯಿತಾ ಅಂತ ತಿಳಿಯಬೇಕಾದರೆ ಫ್ಯಾನ್, ಥರ್ಮೋಸ್ಟಾಟ್, ಕ್ಯಾಪ್, ವಾಟರ್ ಪಂಪ್ ನಾಲ್ಕನ್ನೂ ನೋಡಲೇಬೇಕು. ಹಳೆ ಹೋಸ್ ಎಸೆದಿಲ್ಲದಿದ್ದರೆ ಹಿಚುಕಿ ನೋಡಿ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ವಯಸ್ಸಾಗಿದೆ ಅಂತ; ಮೆತ್ತಗಿದ್ದು ಒಂದೇ ಕಡೆ ಸೀಳಿದ್ದರೆ ಒತ್ತಡದ ಮೇಲೆ ನನ್ನ ಅನುಮಾನ ಜಾಸ್ತಿ. ಕೊಟ್ಟಿಗೆಹಾರದಲ್ಲಿ ತುಂಬಿಸಿದ ಬರೀ ನೀರನ್ನು ಪೂರ್ತಿ ತೆಗೆಸಿ, ನಿಮ್ಮ ಕಂಪನಿ ಹೇಳಿದ ಕೂಲೆಂಟ್ ಹಾಕಿಸಿ, ಗಾಳಿ ತೆಗೆಸಿ. ಗಾಳಿ ಒಳಗೆ ಉಳಿದರೆ ಮತ್ತೆ ಇದೇ ಕಥೆ.

ಪ್ರಶ್ನೆ: ಬೇಸಿಗೆಯಲ್ಲಿ ಗಾಡಿ ಬಿಸಿಯಾಯಿತು ಅಂತ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದು ಬಿಸಾಕಿದರು, ನಮ್ಮ ಕಡೆ ಬಿಸಿಲಿಗೆ ಅದು ಬೇಕಾಗಿಲ್ಲ ಅಂದರು. ಈಗ ಪಿ0128 ಬಂದಿದೆ, ಮೈಲೇಜೂ ಕಡಿಮೆ. ಸಂಬಂಧ ಇದೆಯಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೇರ ಸಂಬಂಧ. ಪಿ0128 ಅಂದರೆ ಇಷ್ಟು ಹೊತ್ತಿಗೆ ಇಂಜಿನ್ ಎಷ್ಟು ಬಿಸಿಯಾಗಬೇಕಿತ್ತೋ ಅಷ್ಟು ಆಗಿಲ್ಲ ಅಂತ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯೋಕೆ ಶುರುಮಾಡುತ್ತೆ, ಅಲ್ಲಿಯವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡೋದಿಲ್ಲ. ಅದೇ ಇಲ್ಲ ಅಂದರೆ ಹೆದ್ದಾರಿ ಗಾಳಿಗೆ ಇಂಜಿನ್ ಪೂರ್ತಿ ಬಿಸಿಯಾಗೋದೇ ಇಲ್ಲ. ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತೆ, ಆಯಿಲ್‌ನಲ್ಲಿ ತೇವ ಉಳಿಯುತ್ತೆ, ಇಂಜಿನ್ ಬೇಗ ಸವೆಯುತ್ತೆ. ಬಿಸಿಲಿನ ಊರಿಗೆ ಬೇಡ ಅನ್ನೋದು ತಪ್ಪು ನಂಬಿಕೆ. ಇನ್ನೂ ಕೆಟ್ಟದ್ದು ಏನಂದರೆ, ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಭಾಗ ಬೈಪಾಸ್ ದಾರಿಯನ್ನು ಮುಚ್ಚುತ್ತೆ. ಅಂಥದ್ದನ್ನು ತೆಗೆದರೆ ಅರ್ಧ ನೀರು ರೇಡಿಯೇಟರ್ ಮುಟ್ಟದೆ ಸುತ್ತುತ್ತೆ, ಟ್ರಾಫಿಕ್‌ನಲ್ಲಿ ಮತ್ತೆ ಬಿಸಿಯಾಗುತ್ತೆ.

ಹೊಸದು ತಂದು, ಹಾಕಿಸುವ ಮೊದಲು ಮನೆಯಲ್ಲೇ ಪರೀಕ್ಷಿಸಿ. ಹಳೆ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟ್ ತಳ ಮುಟ್ಟದ ಹಾಗೆ ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ 100 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್ ಹಿಡಿದು ಕಾಯಿಸಿ. ಮೇಲೆ ಕೊರೆದಿರುವ ಡಿಗ್ರಿ ಹತ್ತಿರ ಬಾಯಿ ಬಿಡಬೇಕು, ತಣಿದಾಗ ಪೂರ್ತಿ ಮುಚ್ಚಬೇಕು. ಹಾಕುವಾಗ ಗಾಳಿ ಬಿಡುವ ಸಣ್ಣ ಪಿನ್ ಮೇಲ್ಗಡೆ ಬರಲಿ. ಇದೇ ಕೋಡ್ ನೀರು ಕಡಿಮೆ ಇದ್ದರೂ ಬರುತ್ತೆ, ಲೆವೆಲ್ ಕೂಡ ನೋಡಿ.

ಪ್ರಶ್ನೆ: ಹೆದ್ದಾರಿಯಲ್ಲಿ ಮುಳ್ಳು ಅಲುಗಲ್ಲ, ಸಿಗ್ನಲ್‌ನಲ್ಲಿ ಎಸಿ ಹಾಕಿ ನಿಂತರೆ ಮೇಲೇರುತ್ತೆ. ಸ್ಕ್ಯಾನ್‌ನಲ್ಲಿ ಒಂದೂ ಕೋಡ್ ಇಲ್ಲ.
— ಓದುಗರೊಬ್ಬರು, ಕಲಬುರಗಿ

ಉತ್ತರ: ಮೊದಲು ಫ್ಯಾನ್ ನೋಡಿ. ಓಡುವಾಗ ಗಾಳಿ ತಾನೇ ಬರುತ್ತೆ, ನಿಂತಾಗ ಫ್ಯಾನೇ ದಿಕ್ಕು. ಫ್ಯಾನ್ ದೋಷಕ್ಕೆ ಪಿ0480 ಅಂತ ಕೋಡ್ ಇದೆಯಲ್ಲ ಅಂತ ಕೇಳಬಹುದು, ಆದರೆ ಬಹಳ ಗಾಡಿಗಳಲ್ಲಿ ಇಸಿಯು ನೋಡೋದು ಫ್ಯಾನ್ ರಿಲೇಯನ್ನು ಚಾಲೂ ಮಾಡುವ ಸರ್ಕ್ಯೂಟನ್ನು ಮಾತ್ರ. ರಿಲೇ ಟಿಕ್ ಅಂದರೆ ಅದಕ್ಕೆ ಸಮಾಧಾನ. ಮುಂದೆ ಮೋಟರ್ ತಿರುಗಿತಾ ಇಲ್ಲವಾ ಅದಕ್ಕೆ ತಿಳಿಯೋದಿಲ್ಲ. ಎಸಿ ಹಾಕಿ ಬಾನೆಟ್ ತೆಗೆದು ನೋಡಿ, ಫ್ಯಾನ್ ತಿರುಗಬೇಕು. ಇಲ್ಲದಿದ್ದರೆ ಫ್ಯೂಸ್, ರಿಲೇ, ಆಮೇಲೆ ಮೋಟರ್. ತಿರುಗುತ್ತಿದ್ದರೂ ಬಿಸಿಯಾದರೆ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಹಾಕಿ ನೋಡಿ. ನಿಮ್ಮ ಕಡೆ ಧೂಳಿಗೆ ಅಲ್ಲಿ ದಪ್ಪ ಪದರ ಕೂತಿರುತ್ತೆ. ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ, ಜೋರು ಪ್ರೆಷರ್ ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಲೇಕ್ ಟಾಹೋಗೆ ಹೋಗುವಾಗ ಗಾಡಿ ಬಿಸಿಯಾಯಿತು. ವಾಟರ್ ಪಂಪ್ ನಾನೇ ಬದಲಿಸಿ ಕೋಡ್ ಅಳಿಸಿದೆ, ಲೈಟ್ ಹೋಯಿತು. ಆದರೂ ಮಾರನೇ ದಿನ ಸ್ಮಾಗ್ ಚೆಕ್‌ನಲ್ಲಿ (ಇಲ್ಲಿನ ಹೊಗೆ ತಪಾಸಣೆ) ಫೇಲ್. ಗಾಡಿ 2012ರದ್ದು.
— ಓದುಗರೊಬ್ಬರು, ಸ್ಯಾನ್ ಹೊಸೆ

ಉತ್ತರ: ಕೋಡ್ ಅಳಿಸಿದಾಗ ಇಸಿಯು ಮಾಡಿಟ್ಟುಕೊಂಡಿದ್ದ ಸ್ವಂತ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತೆ. ಅಲ್ಲಿ 2000 ಮತ್ತು ಅದರ ನಂತರದ ಪೆಟ್ರೋಲ್ ಗಾಡಿಗೆ ಈ ಪರೀಕ್ಷೆಗಳಲ್ಲಿ (ಮಾನಿಟರ್ ಅನ್ನುತ್ತಾರೆ) ಇವ್ಯಾಪ್, ಅಂದರೆ ಪೆಟ್ರೋಲ್ ಆವಿ ಸೋರಿಕೆಯ ಮಾನಿಟರ್ ಒಂದು ಬಿಟ್ಟು ಉಳಿದೆಲ್ಲಾ ಪೂರ್ತಿಯಾಗಿರಬೇಕು. ಜೊತೆಗೆ 2019ರ ಜುಲೈನಿಂದ, 2010 ಮತ್ತು ನಂತರದ ಗಾಡಿಗಳಲ್ಲಿ ಪರ್ಮನೆಂಟ್ ಕೋಡ್ ಕೂಡ ನೋಡುತ್ತಾರೆ. ಅದು ಸ್ಕ್ಯಾನರ್‌ನಿಂದ ಅಳಿಯೋದಿಲ್ಲ, ದೋಷ ಹೋಗಿದೆ ಅಂತ ಇಸಿಯು ತಾನೇ ಪರೀಕ್ಷಿಸಿ ಖಾತ್ರಿಪಡಿಸಿಕೊಂಡ ಮೇಲೆ ಮಾತ್ರ ಅಳಿಸುತ್ತೆ. ಹಾಗಾಗಿ ಇನ್ನು ಕೋಡ್ ಮುಟ್ಟಬೇಡಿ, ಬ್ಯಾಟರಿ ಟರ್ಮಿನಲ್ ಕೂಡ ಬಿಚ್ಚಬೇಡಿ. ರಾತ್ರಿಯಿಡೀ ತಣ್ಣಗಾದ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ಟು, ಫ್ರೀವೇಯಲ್ಲಿ ಒಂದೇ ಸ್ಪೀಡಿನಲ್ಲಿ, ಊರೊಳಗೆ ನಿಂತು ಹೊರಡುತ್ತಾ, ಎರಡೂ ತರ ಕೆಲವು ದಿನ ಓಡಿಸಿ. ನಿಮ್ಮ ಸ್ಕ್ಯಾನರ್‌ನಲ್ಲೇ ಯಾವ ಪರೀಕ್ಷೆ ಮುಗಿದಿದೆ ಅಂತ ತೋರಿಸುವ ರೆಡಿನೆಸ್ ಪುಟ ಇರುತ್ತೆ, ಅಲ್ಲಿ ಕ್ಯಾಟಲಿಸ್ಟ್ ಮಾನಿಟರ್ ರೆಡಿ ಅಂತ ಬಂದ ಮೇಲೆ, ಪರ್ಮನೆಂಟ್ ಪಟ್ಟಿ ಖಾಲಿ ಇದೆಯಾ ನೋಡಿಕೊಂಡು, ಆಮೇಲೆ ಹೋಗಿ.